ಊರಿನ ಮುಖಗಳು ಗುಜರಿ ಪಾಲು!

ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರ ಅಂದಮೇಲೆ ಪೊಲೀಸ್ ಠಾಣೆ, ಟಾಕೀಸು, ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಫೋಟೋ ಸ್ಟುಡಿಯೋ ಇರಲೇಬೇಕಿತ್ತು. ಗಾಜಿನ ಶೋಕೇಸಿನಲ್ಲಿ ಊರ ಪ್ರಮುಖರು, ಹೊಸ ಮದುವೆಯ ಜೋಡಿ, ಬೋರಲು ಮಲಗಿದ ಬೆತ್ತಲೆ ಕೂಸು. ಬಸ್ಸಿಗೆ ಕಾಯುವವರಿಗೆ ಪುಕ್ಕಟೆ ಮನರಂಜನೆ.

ಒಳಗೆ ಹೋದರೆ ಅರಮನೆ ಮೆಟ್ಟಿಲು, ಕಮಾನು ಬರೆದ ಪರದೆ. ಪಕ್ಕಕ್ಕೆ ಕನ್ನಡಿ, ಹಲ್ಲು ಮುರಿದ ಬಾಚಣಿಗೆ, ಪೌಡರ್ ಡಬ್ಬಿ. ಗೋಡೆಯ ಮೊಳೆಗೆ ಒಂದು ಕರೀ ಕೋಟು. ಎಸ್ಸೆಸ್ಸೆಲ್ಸಿ ಹುಡುಗನಿಗೂ ಅದೇ, ಮದುಮಗನಿಗೂ ಅದೇ. ದೊಡ್ಡದಾಯಿತೆ? ಹಿಂದಿನಿಂದ ಪಿನ್ನು ಹಾಕಿದರಾಯಿತು, ಫೋಟೋದಲ್ಲಿ ಬೆನ್ನು ಕಾಣುವುದಿಲ್ಲವಲ್ಲ! “ಗದ್ದ ಸ್ವಲ್ಪ ಕೆಳಗೆ... ಅಲ್ಲಾಡಬೇಡಿ...” ಅಂದರೆ ಇಡೀ ಸಂಸಾರ ಉಸಿರು ಕಟ್ಟಿ ನಿಲ್ಲುತ್ತಿತ್ತು. 120 ನಂಬರಿನ ರೋಲಿನಲ್ಲಿ ಚೌಕದ ಫೋಟೋ ಬರುತ್ತಿದ್ದುದು ಬರೀ 12. ರೋಲು ತುಂಬುವ ಮೊದಲೇ ತೊಳೆದರೆ ಮಾಲೀಕನಿಗೆ ನಷ್ಟ. ಅದಕ್ಕೇ “ಮುಂದಿನ ಸಂತೆಗೆ ಬನ್ನಿ” ಎಂಬ ಮಾತು. ಗಿರಾಕಿ ಗೊಣಗುತ್ತಲೇ ಬಸ್ ಹತ್ತುತ್ತಿದ್ದ.

ನಿಜವಾದ ಕಸುಬು ಇದ್ದದ್ದು ಕತ್ತಲೆ ಕೋಣೆಯಲ್ಲಿ. ಫಿಲ್ಮ್ ತೊಳೆಯುವುದು ಗಾಢ ಕತ್ತಲೆಯಲ್ಲಿ, ಕೈಯಂದಾಜಿನ ಮೇಲೆ. ಪ್ರಿಂಟು ಕೆಂಪು ಬಲ್ಬಿನ ಕೆಳಗೆ, ಡೆವಲಪರ್ ತಟ್ಟೆಯಿಂದ ಹೈಪೋ ತಟ್ಟೆಗೆ. ನಡುವೆ ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ರೀಟಚ್. ಅಲ್ಲಿ ಕಪ್ಪು ಬಳಿದರೆ ಪ್ರಿಂಟಿನಲ್ಲಿ ಬಿಳಿ. ಸಿಡುಬಿನ ಕಲೆ ಮಾಯ, ಹುಡುಗಿ ಬಣ್ಣವೂ ಒಂದು ಕೈ ಮೇಲೆ! ಗಂಡಿನ ಕಡೆಗೆ ಹೋಗುವ ಫೋಟೋ ಅದು, ಕೇಳಬೇಕೆ? ಎಷ್ಟು ಮದುವೆಗಳು ಆ ಪೆನ್ಸಿಲ್ ತುದಿಯಲ್ಲಿ ನಿಂತಿದ್ದವೋ.

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ಉತ್ಪಾದನೆ ಶುರು ಮಾಡಿದ ಮೇಲೆ ‘ಇಂದು’ ಹೆಸರಿನ ಸ್ವದೇಶಿ ಮಾಲು ಸಿಗತೊಡಗಿತು. ಆಮೇಲೆ ಕಲರ್ ಬಂತು, ತೊಳೆಯುವ ಕೆಲಸ ಪಟ್ಟಣದ ಲ್ಯಾಬಿಗೆ ಹೋಯಿತು. 2010ರಿಂದ ಆಧಾರ್ ಕೇಂದ್ರದವರೇ ಫೋಟೋ ಹೊಡೆದುಕೊಂಡರು. 2012ರ ಜನವರಿಯಲ್ಲಿ ಕೊಡಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಇನ್ನು ಸಣ್ಣೂರಿನ ಸ್ಟುಡಿಯೋದ ಪಾಡೇನು?

ಅಂಗಡಿ ಹೋದರೆ ಹೋಗಲಿ, ಜೆರಾಕ್ಸ್ ಮಿಷನ್ ಇಟ್ಟು ಬದುಕಬಹುದು. ಹೊಟ್ಟೆ ಉರಿಯುವುದು ಅಟ್ಟದ ಮೇಲಿನ ನೆಗೆಟಿವ್ ಕಂಡು. ಆಯುಷ್ಯದಲ್ಲಿ ಒಂದೇ ಸಲ, ಅದೂ ‘ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿ’ ಅಂತ ಹೆದರುತ್ತಲೇ ಕ್ಯಾಮರಾ ಮುಂದೆ ಕೂತ ಹಳ್ಳಿಯ ಅಜ್ಜಿಯಂದಿರು ಆ ಕವರುಗಳಲ್ಲಿದ್ದಾರೆ. ಗೋಡೆಯ ಮೇಲಿನ ಪ್ರಿಂಟಿಗೆ ಗೆದ್ದಲು ಹಿಡಿದಿದ್ದರೆ ಉಳಿದದ್ದು ಇದೊಂದೇ. ಕಪ್ಪು ಬಿಳುಪಿನ ನೆಗೆಟಿವ್‌ನಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಗುಜರಿಯವನಿಗೆ ಬೇಕಾದದ್ದು ಅದು, ಅಜ್ಜಿಯಲ್ಲ. ಮಾರದೆ ಇಟ್ಟರೂ ಸೆಕೆ, ತೇವಕ್ಕೆ ಫಿಲ್ಮ್ ಮುದುಡಿ ವಿನೆಗರ್ ವಾಸನೆ ಹೊಡೆಯುತ್ತದೆ. ಆಮೇಲೆ ಬ್ರಹ್ಮ ಬಂದರೂ ಸರಿಹೋಗದು.

ಮನೆಯಲ್ಲಿ ಹಳೇ ಫೋಟೋ ಇದ್ದವರು ಅದರ ಹಿಂದೆ ತಿರುಗಿಸಿ ನೋಡಬೇಕು. ಸ್ಟುಡಿಯೋದ ಸೀಲು, ಕೆಲವಕ್ಕೆ ನೆಗೆಟಿವ್ ನಂಬರೂ ಇರುತ್ತದೆ. ನೆಗೆಟಿವ್ ಸಿಕ್ಕರೆ ಬಿಳೀ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದು, ಕಪ್ಪು ಬಿಳುಪು ತಿರುವಿದರೆ ಮುಖ ಮೂಡುತ್ತದೆ. ಮಳಿಗೆ ಕೈ ಬದಲಾಗುವ ಮುಂಚೆ ಹೋಗಿ ಕೇಳಿದರೆ ಉಂಟು.