ದೇವರ ಹೆಸರಿಗೆ ನಡೆದುಕೊಳ್ಳುವುದು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರಿಗೆ ಆಣೆ ಪ್ರಮಾಣಗಳ ಸದ್ದು ಹೊಸದಲ್ಲ. ದೊಡ್ಡಬಳ್ಳಾಪುರದ ಆಚೆ, ಗುಡ್ಡಗಳ ಮಡಿಲಲ್ಲಿ, ಚಳಿಗಾಲದಲ್ಲಿ ಸೇರುವ ಆ ಜಾತ್ರೆಗೆ ಹಳ್ಳಿಕಾರ್ ತಳಿಯ ಹೋರಿಗಳು ಸಾಲುಸಾಲಾಗಿ ಬರುತ್ತವೆ. ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವ ದಲ್ಲಾಳಿ ಬೆಲೆಯನ್ನು ಬಾಯಿಬಿಟ್ಟು ಹೇಳುವವನಲ್ಲ. ದೇವರ ಹೆಸರನ್ನು ಮಾತ್ರ ಧಾರಾಳವಾಗಿ ಹೇಳುತ್ತಾನೆ. “ಸುಬ್ಬಪ್ಪನಾಣೆ, ಇನ್ನೂ ನಾಲ್ಕೇ ಹಲ್ಲು!” ಕೊಳ್ಳುವವನು ಆಣೆಯನ್ನು ಕೇಳಿಸಿಕೊಳ್ಳುತ್ತಾನೆ, ಆಮೇಲೆ ಹೋರಿಯ ತುಟಿಯನ್ನೆತ್ತಿ ಹಲ್ಲುಗಳನ್ನು ತಾನೇ ಎಣಿಸುತ್ತಾನೆ.

ಇದೇ ಊರಿಗೆ ಹರಕೆ ಹೊತ್ತು ಬಂದು ನಾಗರಕಲ್ಲು ಪ್ರತಿಷ್ಠೆ ಮಾಡಿಸುವ ಮನೆಗಳಲ್ಲಿ ಇನ್ನೊಂದು ನಡವಳಿಕೆಯೂ ಉಂಟು. ಕತ್ತಲಾದ ಮೇಲೆ ಹಾವನ್ನು ಹಾವೆನ್ನಬಾರದು. “ಹುಳ” ಎನ್ನಬೇಕು, ಇಲ್ಲವೆ “ಸುಬ್ಬರಾಯ” ಎನ್ನಬೇಕು. ಒಂದು ಕಡೆ ಹೆಸರನ್ನು ಬೇಕಾಬಿಟ್ಟಿ ಎಳೆದಾಡುವುದು, ಇನ್ನೊಂದು ಕಡೆ ಹೆಸರನ್ನೇ ನಾಲಗೆಯ ಮೇಲೆ ತಾರದಿರುವುದು. ಯೆಹೂದ್ಯರೂ ಅವರ ಹಿಂದೆ ಕ್ರೈಸ್ತರೂ ದೇವರ ನಾಮದ ವಿಷಯದಲ್ಲಿ ಎರಡು ಮೂರು ಸಾವಿರ ವರ್ಷಗಳಿಂದ ನಡೆಸಿಕೊಂಡು ಬಂದಿರುವ ವಿಚಾರವೆಲ್ಲ ಈ ಎರಡರ ನಡುವೆಯೇ ಇದೆಯೆನ್ನಬಹುದು.

ಸೀನಾಯಿ ಬೆಟ್ಟದಲ್ಲಿ ಮೋಶೆಗೆ ದೊರೆತವೆಂದು ನಂಬುವ ಹತ್ತು ಕಟ್ಟಳೆಗಳಲ್ಲಿ ದೇವರ ಹೆಸರಿಗೆ ಸಂಬಂಧಪಟ್ಟದ್ದು ಒಂದುಂಟು. ಯೆಹೂದ್ಯರ ಲೆಕ್ಕದಲ್ಲಿಯೂ ಬಹುಮಂದಿ ಪ್ರಾಟೆಸ್ಟೆಂಟರ ಲೆಕ್ಕದಲ್ಲಿಯೂ ಅದು ಮೂರನೆಯದು; ರೋಮನ್ ಕ್ಯಾಥೊಲಿಕರ ಲೆಕ್ಕದಲ್ಲಿ ಎರಡನೆಯದು. ಅಲ್ಲಿರುವ ಹೀಬ್ರೂ ಕ್ರಿಯಾಪದಕ್ಕೆ ಎತ್ತು, ಹೊರು ಎಂದು ಅರ್ಥ. “ಅವನ ಹೆಸರೆತ್ತಬೇಡ” ಎಂದು ನಾವೂ ಅನ್ನುವುದಿಲ್ಲವೆ? ಪೊಳ್ಳು ಕೆಲಸಕ್ಕೆ ಆ ಹೆಸರನ್ನು ಎತ್ತಕೂಡದು ಎಂಬುದು ಆಜ್ಞೆಯ ತಾತ್ಪರ್ಯ. ಹಳೆಯ ವ್ಯಾಖ್ಯಾನಕಾರರು ಇಲ್ಲಿ ಮೊದಲು ಕಂಡದ್ದು ಬೈಗುಳವನ್ನಲ್ಲ, ಸುಳ್ಳು ಪ್ರಮಾಣವನ್ನು. ದೇವರನ್ನು ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲಿಸುವುದೆಂದರೆ ಅವನನ್ನೂ ಆ ಸುಳ್ಳಿನಲ್ಲಿ ಪಾಲುದಾರನನ್ನಾಗಿ ಮಾಡಿದಂತೆ. ಯೇಸು ಇನ್ನೂ ಮುಂದೆ ಹೋಗಿ ಆಣೆಯೇ ಬೇಡವೆಂದ. ಅದನ್ನು ಅಕ್ಷರಶಃ ಹಿಡಿದ ಕ್ವೇಕರ್ ಪಂಥದವರು ಇಂಗ್ಲೆಂಡಿನಲ್ಲಿ ಪ್ರಮಾಣ ಮಾಡಲೊಪ್ಪದೆ ಸೆರೆಮನೆಗೂ ಹೋದರು.

ಯೆಹೂದ್ಯರ ತಾಲ್ಮೂದಿನಲ್ಲಿ ಒಂದು ಕಥೆಯುಂಟು. ನಮ್ಮ ಜಾತ್ರೆಗೂ ಸಲ್ಲತಕ್ಕದ್ದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಆಚಾರ್ಯ ಶಿಮೋನ್ ಬೆನ್ ಶೆಟಹ್ ಅಗಸೆನಾರಿನ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಿದ್ದ. ಗುರುವಿನ ಶ್ರಮ ಕಡಮೆಯಾಗಲೆಂದು ಶಿಷ್ಯರು ಒಬ್ಬ ಅರಬನಿಂದ ಕತ್ತೆಯೊಂದನ್ನು ಕೊಂಡು ತಂದರು. ನೋಡಿದರೆ ಅದರ ಕೊರಳಲ್ಲಿ ಒಂದು ರತ್ನ ತೂಗುತ್ತಿತ್ತು! ಇನ್ನು ದುಡಿಯಬೇಕಾಗಿಲ್ಲವೆಂದು ಶಿಷ್ಯರು ಹಿಗ್ಗಿದರು. ಮಾರಿದವನಿಗೆ ಇದು ಗೊತ್ತಿತ್ತೆ ಎಂದು ಗುರು ಕೇಳಿದ. ಇಲ್ಲವೆಂದಾಗ, ಹಿಂದಿರುಗಿಸಿ ಬನ್ನಿ ಎಂದ. ರತ್ನವನ್ನು ಮರಳಿ ಪಡೆದ ಆ ಪರಧರ್ಮೀಯ ಶಿಮೋನನನ್ನು ಹೊಗಳಲಿಲ್ಲ, ಶಿಮೋನನ ದೇವರನ್ನು ಹೊಗಳಿದ. ಇಂಥ ನಡತೆಗೆ ಯೆಹೂದ್ಯರು ಇಟ್ಟಿರುವ ಹೆಸರಿನ ಅರ್ಥ ‘ನಾಮವನ್ನು ಪವಿತ್ರಗೊಳಿಸುವುದು’. ಧರ್ಮಕ್ಕಾಗಿ ಪ್ರಾಣ ಕೊಡುವುದಕ್ಕೂ ಅದೇ ಮಾತು. ಪರರಿಗೆ ಮೋಸ ಮಾಡಿ ತನ್ನ ದೇವರಿಗೆ ಕೆಟ್ಟ ಹೆಸರು ತರುವುದು ಇದಕ್ಕೆ ವಿರುದ್ಧವಾದ ‘ನಾಮದ ಅಪವಿತ್ರತೆ’. ಕ್ರೈಸ್ತರು ದಿನವೂ ಹೇಳುವ, ಯೇಸು ಕಲಿಸಿದ ಪ್ರಾರ್ಥನೆಯ ಮೊದಲ ಬೇಡಿಕೆ ಅನ್ನವಲ್ಲ, ಕ್ಷಮೆಯಲ್ಲ. ತಂದೆಯ ನಾಮವು ಪವಿತ್ರವಾಗಲಿ ಎಂಬುದೇ.

ಹಾಗಾದರೆ ಆ ಹೆಸರು ಯಾವುದು? ಹೀಬ್ರೂವಿನಲ್ಲಿ ಅದಕ್ಕೆ ನಾಲ್ಕು ಅಕ್ಷರ: ಯೋದ್, ಹೇ, ವಾವ್, ಹೇ. ಆ ಲಿಪಿಯಲ್ಲಿ ಹಿಂದೆ ಬರೆಯುತ್ತಿದ್ದುದು ವ್ಯಂಜನಗಳನ್ನು ಮಾತ್ರ. ಸ್ವರವನ್ನು ಓದುವವನು ರೂಢಿಯಿಂದ ತುಂಬಿಕೊಳ್ಳಬೇಕು. ಈ ನಾಮವನ್ನಾದರೋ ಕೊನೆಕೊನೆಗೆ ಜೆರೂಸಲೇಮಿನ ದೇವಾಲಯದಲ್ಲಿ ಮಾತ್ರ ಉಚ್ಚರಿಸುತ್ತಿದ್ದರು. ಪ್ರಾಯಶ್ಚಿತ್ತದ ದಿನದಂದು ಮಹಾಯಾಜಕನ ಬಾಯಲ್ಲಿ ಅದು ಕೇಳಿಸುತ್ತಿತ್ತು. ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ನೆಲಸಮ ಮಾಡಿದರು. ಆ ಉಚ್ಚಾರಣೆಯೂ ಅಲ್ಲಿಗೆ ನಿಂತಿತು. ಗ್ರಂಥದಲ್ಲಿ ನಾಲ್ಕಕ್ಷರ ಕಂಡಾಗ ಯೆಹೂದ್ಯರು ‘ಅದೊನಾಯ್’, ಎಂದರೆ ಪ್ರಭು, ಎಂದು ಓದುತ್ತಾರೆ. ಮಾತುಕತೆಯಲ್ಲಿ ಬರಿದೆ ‘ಹಶೆಮ್’ ಎನ್ನುತ್ತಾರೆ. ‘ಆ ಹೆಸರು’ ಎಂದಷ್ಟೇ ಅದರ ಅರ್ಥ. ಘಾಟಿಯ ಗರ್ಭಗುಡಿಯಲ್ಲಿ ಸುಬ್ರಹ್ಮಣ್ಯನ ಬೆನ್ನಿಗಿರುವ ನರಸಿಂಹನನ್ನು ನಾವು ಕನ್ನಡಿಯಲ್ಲಿ ನೋಡುತ್ತೇವಲ್ಲ, ಸುಮಾರಾಗಿ ಹಾಗೆಯೇ.

ಮುಂದೆ ಗ್ರಂಥಪಾಠಕ್ಕೆ ಸ್ವರಚಿಹ್ನೆಗಳನ್ನು ಹಾಕಿದ ಪಂಡಿತರು ನಾಲ್ಕಕ್ಷರಕ್ಕೆ ಅದೊನಾಯ್ ಶಬ್ದದ ಸ್ವರಗಳನ್ನು ಹಚ್ಚಿದರು; ಹೀಗೆ ಓದಿರಿ ಎಂಬ ಸೂಚನೆ ಅದು. ಯೂರೋಪಿನ ಕ್ರೈಸ್ತ ವಿದ್ವಾಂಸರು ಎರಡನ್ನೂ ಬೆಸೆದು ಓದಿದಾಗ ಹುಟ್ಟಿದ್ದು ‘ಯೆಹೋವ’. ಕನ್ನಡದ ಪ್ರಾಟೆಸ್ಟೆಂಟ್ ಬೈಬಲ್ ಓದುವವರಿಗೆ ಚಿರಪರಿಚಿತವಾದ ರೂಪ ಇದೇ. ತಪ್ಪಿನಿಂದ ಹುಟ್ಟಿತೆಂದು ಅದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ತಲೆಮಾರುಗಳ ಭಕ್ತಿ ಅದರ ಮೇಲೆ ಕೂತಿದೆ. ಈಚಿನ ಸಾಮಾನ್ಯ ಕನ್ನಡದ ಅನುವಾದ ‘ಸರ್ವೇಶ್ವರ’ ಎನ್ನುತ್ತದೆ. 2008ರಲ್ಲಿ ವ್ಯಾಟಿಕನ್ನು, ನಾಲ್ಕಕ್ಷರದ ನಾಮವನ್ನು ಪೂಜಾವಿಧಿಯಲ್ಲಿ ಉಚ್ಚರಿಸಕೂಡದೆಂದು ತನ್ನ ಬಿಷಪ್ಪರಿಗೆ ಬರೆಯಿತು. ಆದರೂ ‘ಹಲ್ಲೆಲೂಯ’ ಎಂದು ಹಾಡುವ ಪ್ರತಿಯೊಂದು ಚರ್ಚೂ ಆ ನಾಮದ ಚುಟುಕು ರೂಪವಾದ ‘ಯಾಹ್’ ಎಂಬುದನ್ನು ಹಾಡಿಯೇ ಹಾಡುತ್ತದೆ!

ಬರೆಯುವುದರಲ್ಲಿಯೂ ಇದೇ ಕಟ್ಟುನಿಟ್ಟು. ತೋರಾ ಸುರುಳಿಯನ್ನು ಬರೆಯುವ ಲಿಪಿಕಾರ ನಾಮವನ್ನು ಬರೆಯುವಾಗ ಸಂಕಲ್ಪ ಮಾಡಿಕೊಳ್ಳಬೇಕು. ಅಲ್ಲಿ ತಪ್ಪಾದರೆ ಕೆರೆದು ತಿದ್ದುವಂತಿಲ್ಲ. ಆ ಹಾಳೆಯನ್ನೇ ತೆಗೆದಿಡಬೇಕು. ಜೀರ್ಣವಾದ ಬರಹವನ್ನು ಸುಡಬಾರದು, ಎಸೆಯಬಾರದು. ಪ್ರಾರ್ಥನಾಮಂದಿರದ ‘ಗೆನಿಜಾ’ ಎಂಬ ಕೋಣೆಯಲ್ಲಿಟ್ಟು ಕ್ರಮೇಣ ಹೂಳಬೇಕು. ಮದುವೆಯ ಕರೆಯೋಲೆಯ ನೆತ್ತಿಯ ಮೇಲೆ “ಶ್ರೀ ಸುಬ್ರಹ್ಮಣ್ಯ ಪ್ರಸನ್ನ” ಎಂದು ಅಚ್ಚಾಗಿರುವುದರಿಂದ ಅದನ್ನು ಕಸಕ್ಕೆ ಹಾಕಲಾರದೆ ಪೆಟ್ಟಿಗೆಯಲ್ಲಿ ಪೇರಿಸಿಟ್ಟುಕೊಂಡ ನಮ್ಮಂಥವರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ.

ಕೈರೋ ನಗರದ ಬೆನ್ ಎಜ್ರಾ ಮಂದಿರದಲ್ಲಿ ಈ ಕಾಗದಗಳನ್ನು ಹೂಳದೆ ಶತಮಾನಗಳ ಕಾಲ ಕೋಣೆಗೆ ಸುರಿಯುತ್ತ ಹೋದರು. ಕಾಗದದ ತಲೆಯಲ್ಲಿ ದೇವರ ಸ್ಮರಣೆ ಇರುವುದು ವಾಡಿಕೆ. ಆದ್ದರಿಂದ ವ್ಯಾಪಾರದ ಓಲೆ, ಲೆಕ್ಕದ ಚೀಟಿ ಎಲ್ಲವೂ ಉಳಿದವು. 1896ರ ಕೊನೆಯಲ್ಲಿ ಅಲ್ಲಿಗೆ ಹೋದ ಸಾಲೊಮನ್ ಶೆಕ್ಟರ್ ಕೇಂಬ್ರಿಜ್ಜಿಗೆ ಸಾಗಿಸಿದ ತುಣುಕುಗಳೇ ಸುಮಾರು 1,90,000. ಅವುಗಳ ನಡುವೆ ನಮ್ಮ ಮಂಗಳೂರೂ ಇತ್ತು! ಟ್ಯುನೀಸಿಯ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ 1132ರಲ್ಲಿ ಅಲ್ಲಿದ್ದ. 1149ರಲ್ಲಿ ಮರಳಿ ಹೊರಟ. ಮೆಣಸು, ಅಡಕೆ, ಕಬ್ಬಿಣಗಳ ವ್ಯಾಪಾರ, ಕಂಚಿನ ಕಾರ್ಖಾನೆ, ಅಶು ಎಂಬ ಸ್ಥಳೀಯ ಹೆಂಗಸನ್ನು ದಾಸ್ಯದಿಂದ ಬಿಡಿಸಿ ಬರೆದುಕೊಟ್ಟ ಪತ್ರ, ಏಡನ್ನಿನ ಗೆಳೆಯರಿಂದ ಬಂದ ಓಲೆಗಳು, ಎಲ್ಲ ದೊರೆತಿವೆ.

ಅವನ ಕೆಲಸಕ್ಕೆಂದು ಏಡನ್ನಿಗೆ ಹೋಗಿಬರುತ್ತಿದ್ದ ಆಳೊಬ್ಬನೂ ಆ ಕಾಗದಗಳಲ್ಲಿದ್ದಾನೆ. ಅಲ್ಲಿ ಒಮ್ಮೆ ಕುಡಿದು, ಯಜಮಾನನ ಸ್ನೇಹಿತನನ್ನು ಹಣಕ್ಕಾಗಿ ಪೀಡಿಸಿದನೆಂಬ ದೂರೂ ಇದೆ. ಅವನ ಹೆಸರನ್ನು ಬರೆದಿದ್ದುದು ಹೀಬ್ರೂ ಲಿಪಿಯಲ್ಲಿ, ಸ್ವರಗಳಿಲ್ಲದೆ, ಮೂರೇ ಅಕ್ಷರಗಳಲ್ಲಿ: ಬ, ಮ, ಹ. ಅದನ್ನು ಹೇಗೆ ಉಚ್ಚರಿಸುವುದೆಂದು ವಿದ್ವಾಂಸರಿಗೆ ಬಹುಕಾಲ ಬಗೆಹರಿಯಲಿಲ್ಲ. ಆ ಆಳಿನ ಜಾಡು ಹಿಡಿದು ಹೊರಟ ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ಪ್ರೊ. ಬಿ. ಎ. ವಿವೇಕ ರೈಗಳನ್ನು ಕಂಡರು. 1992ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅದನ್ನೆಲ್ಲ ಬರೆದಿದ್ದಾರೆ. ತುಳುನಾಡಿನ ಹೆಸರುಗಳನ್ನು ಬಲ್ಲವರ ಕಿವಿಗೆ ಸ್ವರ ತಾನಾಗಿ ಕೂಡಿಕೊಂಡಿತು: ಬೊಮ್ಮ.