ಕಲಾ ಚಿಕಿತ್ಸೆ: ಅಂಕವಿಲ್ಲದ ಚಿತ್ರ

ಶಾಲಾ ಮಕ್ಕಳ ‘ಪ್ರತಿಭಾ ಕಾರಂಜಿ’ ಸ್ಪರ್ಧೆಯಲ್ಲಿ ಮಗು ಬರೆದ ಚಿತ್ರಕ್ಕೆ ಅಂಕ ಬೀಳುತ್ತದೆ. ಕಲಾ ಚಿಕಿತ್ಸೆಯಲ್ಲಿ ಅದೇ ಬಣ್ಣ, ಅದೇ ಜೇಡಿಮಣ್ಣು ಇದ್ದರೂ ಚೆನ್ನಾಗಿದೆಯೋ ಇಲ್ಲವೋ ಎಂಬ ಮಾತೇ ಏಳುವುದಿಲ್ಲ. ಹೇಳಿಕೊಳ್ಳಲಾಗದ ಭಯ, ದುಃಖ, ಸಿಟ್ಟುಗಳಿಗೆ ಚಿತ್ರ, ಗೊಂಬೆ ಅಥವಾ ಹರಿದು ಅಂಟಿಸಿದ ಕಾಗದದಲ್ಲಿ ರೂಪ ಕೊಡಲು ಮಗುವಿಗೆ ಅವಕಾಶ ಕೊಟ್ಟು, ತರಬೇತಿ ಪಡೆದವರೊಬ್ಬರು ಆ ಹೊತ್ತಿನಲ್ಲಿ ಜೊತೆಗಿರುವ ಮಾನಸಿಕ ಆರೈಕೆಯ ಕ್ರಮಕ್ಕೆ ಈ ಹೆಸರಿದೆ. 1942ರಲ್ಲಿ ಆ ಹೆಸರನ್ನು ಬಳಕೆಗೆ ತಂದವರು, ಕ್ಷಯರೋಗದಿಂದ ಚೇತರಿಸಿಕೊಳ್ಳುವಾಗ ಚಿತ್ರ ಬರೆದು ನೆಮ್ಮದಿ ಕಂಡ ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್. ಮಕ್ಕಳ ಮಟ್ಟಿಗೆ ಇದರ ಹಿನ್ನೆಲೆ ಇನ್ನೂ ಕಠೋರವಾದುದು: ನಾಜಿಗಳ ತೆರೆಜಿನ್ ಶಿಬಿರದಲ್ಲಿ ಬಂಧಿತ ಮಕ್ಕಳಿಂದ ಚಿತ್ರ ಬರೆಸಿದ ಫ್ರೀಡ್ಲ್ ಡಿಕರ್-ಬ್ರಾಂಡೈಸ್ 1944ರಲ್ಲಿ ಔಶ್ವಿಟ್ಜ್‌ನಲ್ಲಿ ಕೊಲೆಯಾದರು, ಆ ಶಿಬಿರದ ಮಕ್ಕಳ ಸುಮಾರು 4,500 ಚಿತ್ರಗಳು ಉಳಿದವು, ಫ್ರೀಡ್ಲ್ ಅವರ ಶಿಷ್ಯೆ ಎಡಿತ್ ಕ್ರೇಮರ್ ಅಮೆರಿಕದಲ್ಲಿ ಈ ಕ್ರಮವನ್ನು ಬೆಳೆಸಿದರು.

ಕೋಲಾರ ಜಿಲ್ಲೆಯಲ್ಲಿ ಕಲಾ ಚಿಕಿತ್ಸೆ ಬೇಕೆನ್ನಲು ಬೇರೆಯದೇ ಒಂದು ಕಾರಣವಿದೆ. ಆಂಧ್ರದ ಗಡಿಗೆ ಹೊಂದಿಕೊಂಡ ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ತೆಲುಗು, ಮಾಲೂರಿನ ಕಡೆ ಅದರ ಜೊತೆಗೆ ತಮಿಳು, ಪೇಟೆಯ ಮೊಹಲ್ಲಾಗಳಲ್ಲಿ ಉರ್ದು ನಡೆಯುತ್ತದೆ. ಮನೆಯಲ್ಲಿ ಒಂದು ನುಡಿಯಲ್ಲಿ ಅಳುವ ಮಗುವನ್ನು ಶಾಲೆಯಲ್ಲಿ ಪುಸ್ತಕದ ಕನ್ನಡದಲ್ಲಿ ವಿಚಾರಿಸಿದರೆ, ಅದು ತಲೆ ತಗ್ಗಿಸಿ ‘ಏನಿಲ್ಲ ಸಾರ್’ ಎನ್ನುವುದು ಸಹಜ. ಆ ಮೌನವನ್ನು ದಡ್ಡತನವೆಂದು ಎಣಿಸುವವರಿಗೇನೂ ಕಡಿಮೆಯಿಲ್ಲ. ಬಣ್ಣಕ್ಕೂ ಮಣ್ಣಿಗೂ ಆದರೆ ಯಾವ ನುಡಿಯ ಹಂಗೂ ಇಲ್ಲ.

ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಮಾಲೂರಿನಲ್ಲಿ ಮಣ್ಣಿಗೆ ಹುಡುಕಾಡಬೇಕಿಲ್ಲ, ಆದರೆ ಯಾವ ಸಾಮಗ್ರಿಯನ್ನು ಯಾವಾಗ ಕೊಡಬೇಕೆಂಬುದರಲ್ಲಿಯೇ ಚಿಕಿತ್ಸಕರ ಕಸುಬುದಾರಿಕೆ ಇದೆ. ಪೆನ್ಸಿಲ್, ಕ್ರಯಾನ್‌ಗಳು ಕೈಯ ಹಿಡಿತಕ್ಕೆ ಸಿಗುವುದರಿಂದ ಅಂಜುವ ಮಗುವಿಗೆ ಧೈರ್ಯ ಕೊಡುತ್ತವೆ. ಹರಿಯುವ ಬಣ್ಣ, ಹಸಿಮಣ್ಣು ಬಿಗಿದ ಮನಸ್ಸನ್ನು ಸಡಿಲಿಸುತ್ತವೆ, ಆದರೆ ಮೊದಲೇ ಕೆರಳಿದ ಮಗುವನ್ನು ಇನ್ನಷ್ಟು ಕೆರಳಿಸಲೂಬಹುದು. ಮಣ್ಣನ್ನು ಗುದ್ದಬಹುದು, ಚಿವುಟಬಹುದು, ಮಾಡಿದ ಗೊಂಬೆಯ ತಲೆ ಕಿತ್ತು ಒದ್ದೆ ಬೆರಳಿನಿಂದ ಮತ್ತೆ ಕೂಡಿಸಬಹುದು. ಯಾರಿಗೂ ನೋವಾಗದೆ ಸಿಟ್ಟು ಹೊರಬರುತ್ತದೆ, ಕೆಡಿಸಿದ್ದನ್ನು ಸರಿಮಾಡಲಾಗುತ್ತದೆಂಬ ಅನುಭವ ಕೈಗೇ ಆಗುತ್ತದೆ. ಇಟ್ಟಿಗೆ ಗೂಡಿನಲ್ಲಿ ದುಡಿಯುವ ವಲಸೆ ಕುಟುಂಬದ ಮಗುವಿಗೆ ಮಾತ್ರ ಅದೇ ಮಣ್ಣು ಆಟವಾಗಿ ಕಾಣದೆ ಹೆತ್ತವರ ಕೂಲಿಯಾಗಿ ಕಾಣಬಹುದು, ಆಗ ಮಣ್ಣನ್ನು ಬದಿಗಿಡುವುದೇ ಸರಿ.

ಚಿತ್ರ ಮುಗಿದ ಮೇಲೆ ಕೇಳುವ ಪ್ರಶ್ನೆಯೂ ಮುಖ್ಯ. ‘ಈ ಮನೆಗೆ ಬಾಗಿಲು ಯಾಕಿಲ್ಲ?’ ಎಂದರೆ ಮಗು ತಪ್ಪು ಮಾಡಿದೆನೆಂದುಕೊಂಡು ಬಾಗಿಲು ಬರೆದುಬಿಡುತ್ತದೆ. ‘ಈ ಮನೆಯ ಬಗ್ಗೆ ಹೇಳ್ತೀಯಾ ಪುಟ್ಟಾ?’ ಎಂದರೆ ಒಳಗೆ ಯಾರಿದ್ದಾರೆಂಬುದು ಹೊರಬರುವ ಸಾಧ್ಯತೆಯಿದೆ. ಕಪ್ಪು ಬಳಿದರೆ ಖಿನ್ನತೆ, ಕೆಂಪು ಬಳಿದರೆ ಕೋಪ ಎಂಬ ಕೈಪಿಡಿಯ ಅರ್ಥಗಳು ಕಣಿ ಹೇಳುವುದಕ್ಕೆ ಸಮ. ಕಪ್ಪು ಕ್ರಯಾನೊಂದೇ ಉಳಿದಿದ್ದರೂ ಚಿತ್ರ ಕಪ್ಪಾಗುತ್ತದೆ. ದೌರ್ಜನ್ಯ ನಡೆದಿದೆಯೆಂದು ಚಿತ್ರವೊಂದರಿಂದಲೇ ತೀರ್ಮಾನಿಸುವಂತಿಲ್ಲ, ಆದರೆ ಅನುಮಾನ ಬಂದಾಗ ಸುಮ್ಮನಿರುವಂತೆಯೂ ಇಲ್ಲ.

ಕಲೆಯ ಈ ಅವಕಾಶ ಚಿಕಿತ್ಸೆಯ ಹೊರಗೂ ಉಂಟು. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದಲ್ಲಿ ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಸಂಗಾತಿಗಳು ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರವು ಮಕ್ಕಳ ರಂಗಭೂಮಿಗೂ ‘ಹುಣ್ಣಿಮೆ ಹಾಡು’ ಕಾರ್ಯಕ್ರಮಕ್ಕೂ ಹೆಸರಾಗಿದೆ. ಇದು ಚಿಕಿತ್ಸಾಲಯವಲ್ಲ, ಹಾಗೆ ಕರೆದರೆ ಅದರ ಸಾಂಸ್ಕೃತಿಕ ಉದ್ದೇಶವನ್ನೇ ಕುಗ್ಗಿಸಿದಂತೆ. ಆದರೂ ಬೇರೊಬ್ಬರ ಪಾತ್ರದ ಮರೆಯಲ್ಲಿ ನಿಂತು ತನ್ನ ಮಾತನ್ನು ಆಡುವ ಅವಕಾಶ ರಂಗದ ಮೇಲೂ ಇದೆ. ಇಂಥ ಚಟುವಟಿಕೆ ಎಲ್ಲ ಮಕ್ಕಳಿಗೂ ಬೇಕು. ಚಿಕಿತ್ಸೆ ಬೇಕಾದದ್ದು, ನಿದ್ದೆ, ಊಟ, ಪಾಠ, ಗೆಳೆತನಗಳು ವಾರಗಟ್ಟಲೆ ಕೆಟ್ಟಿರುವ ಮಗುವಿಗೆ. ಅಂಥ ಮಗುವನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದ ಬಳಿಗೋ, ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆಂದು ರೂಪಿಸಿರುವ ಮನೋವೈದ್ಯರ ಭೇಟಿಗೋ ಕರೆದೊಯ್ಯಬಹುದು, ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಪಾಲಕರು ಮನೆಯಿಂದಲೇ ಕರೆ ಮಾಡಬಹುದು, ದೌರ್ಜನ್ಯದ ಅನುಮಾನವಿದ್ದರೆ 1098ಕ್ಕೆ.