‘ಪಾರ್ಥಿಯನ್’ ಮಣಿಗಳು

ಬಿಳಿಗೆರೆಯ ಕೆಂಪು ಕಾರ್ನೀಲಿಯನ್ ಮಣಿಗಳನ್ನು ವ್ಯಾಪಾರಿಗಳು ‘ಪಾರ್ಥಿಯನ್’ ಎಂದು ಕರೆಯುವುದುಂಟು. ನಮ್ಮ ಶಾಸನಗಳ ಪಹ್ಲವರೇ ಈ ಪಾರ್ಥಿಯನ್ನರು, ಕ್ರಿ.ಶ. 1ನೆಯ ಶತಮಾನದಲ್ಲಿ ತಕ್ಷಶಿಲೆಯನ್ನು ಆಳಿದವರು. ಅಲ್ಲಿಯ ಸಿರ್ಕಪ್ ನೆಲೆಯಲ್ಲಿ ಇಂಥ ಮಣಿಗಳು ದೊರೆತಿರುವುದು ನಿಜ. ಆದರೆ ಈ ವಿದ್ಯೆ ಅವರದಲ್ಲ. ಕಲ್ಲನ್ನು ಕಾಯಿಸಿದರೆ ಅದರಲ್ಲಿಯ ಕಬ್ಬಿಣದ ಅಂಶವು ಕೆಂಪೇರುತ್ತದೆ. ಕ್ಷಾರದ್ರವದಿಂದ ಗೆರೆಯೆಳೆದು ಮತ್ತೆ ಕಾಯಿಸಿದರೆ ಆ ಗೆರೆ ಬೆಳ್ಳಗಾಗಿ ನಿಲ್ಲುತ್ತದೆ. ಸಿಂಧೂಕಣಿವೆಯ ಕುಶಲಿಗಳು ಇದನ್ನು ಎರಡು ಸಾವಿರ ವರ್ಷ ಮೊದಲೇ ಬಲ್ಲವರಾಗಿದ್ದರು. ಪಾರ್ಥಿಯನ್ನರು ಎಂದೂ ಆಳದ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿಯೂ 1954ರ ಉತ್ಖನನದಲ್ಲಿ ಕಾರ್ನೀಲಿಯನ್ ಮಣಿಗಳು ದೊರೆತವು. ಆದುದರಿಂದ ಮಣಿಯ ಕಾಲವನ್ನು ನಿರ್ಣಯಿಸುವುದು ಅದು ದೊರೆತ ಮಣ್ಣಿನ ಸ್ತರವೇ ಹೊರತು ಮಾರಾಟದ ಹೆಸರಲ್ಲ. ಗ್ರಾಂಟ್ ರೋಡಿನ ಅಂಗಡಿಯೊಂದರಲ್ಲಿ ಹಳೆಯ ಮಣಿಯನ್ನು ಕಂಡ ವಾಚಕರು ಬೆಲೆಗಿಂತ ಮೊದಲು ಅದು ದೊರೆತ ನೆಲೆಯನ್ನು ಕೇಳಬೇಕು. ನೆಲೆ ಕಳೆದುಕೊಂಡ ಮಣಿಯು ಒಡವೆಯಾಗಿ ಉಳಿದೀತು, ಚರಿತ್ರೆಗೆ ಸಾಕ್ಷಿಯಾಗದು.